ಗ್ರಹದ ಮೈಗ್ರೇಷನ್ ಸರ್ಟಿಫಿಕೇಟು

೧೬ ನವೆಂಬರ್ ೨೦೨೫, ರವಿವಾರ

ಚಿ. ಜ್ಯೋತ್ಸ್ನಾ,

ಅಲ್ಲ, ಅಷ್ಟು ದೊಡ್ಡ ಗ್ರಹ ತನ್ನ ನಕ್ಷತ್ರದ ಮಗ್ಗುಲಿಗೇ ಬಂದು ಕೂತದ್ದು ಹೇಗೆ ಎಂದು ನೀನು ನಿನ್ನೆ ಫೋನಿನಲ್ಲಿ ಹೇಳುತ್ತಿದ್ದಾಗ ನಾನೇ ಅಡ್ಡ ಬಾಯಿ ಹಾಕಿದೆ. ಮಾತು ಎಲ್ಲಿಗೆ ಹೊರಳುತ್ತದೆಂದು ಗೊತ್ತಿತ್ತು. ಹೊರಳಿತು. "ಅಪ್ಪಾ, ನೀ ರಾಣೆಬೆನ್ನೂರಿಗೆ ನಮ್ಮ ಮನಿಗೆ ಇರಲಿಕ್ಕೆ ಬರ್ತೀಯೋ ಇಲ್ಲೋ, ನಾಳೆ ಸಂಜೀಯೊಳಗ ಹೇಳಿಬಿಡು" ಎಂದೆ ನೀನು. ನಾನು ಫೋನಿಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಗ್ರಹ ಹಾಗೆ ಜಾಗ ಬದಲಿಸುವುದಕ್ಕೆ ನೀನು ಮೈಗ್ರೇಷನ್ ಎಂದೆಯಲ್ಲ, ಅಲ್ಲಿ ತಪ್ಪು ನನ್ನದಲ್ಲ. ಹಾವೇರಿಯಲ್ಲಿ ಕಾಲೇಜಿನ ಆಫೀಸಿನೊಳಗೆ ಮೂವತ್ತೊಂದು ವರ್ಷ, ಬೇರೆ ಯುನಿವರ್ಸಿಟಿಗೆ ಹೋಗುವ ಹುಡುಗರ ಮೈಗ್ರೇಷನ್ ಸರ್ಟಿಫಿಕೇಟಿಗೆ ಶಿಕ್ಕಾ ಒತ್ತಿದವನಿಗೆ ಬೇರೆ ಏನು ಹೊಳೆಯಬೇಕು? "ಯಾವ ಯುನಿವರ್ಸಿಟಿಗೆ ಹೊಂಟದ ಅದು?" ಎಂದು ಕೇಳಿಬಿಟ್ಟೆ. ಹಿಂದಿನಿಂದ ನಿನ್ನ ಗಂಡ ಕೌಸ್ತುಭ, "ಮಾವನವರ ಸಹಿ ಇಲ್ಲದನ ಹೋಗಿಬಿಟ್ಟದ, ರದ್ದ ಮಾಡ್ರಿ ಅದನ್ನ!" ಎಂದು ಕೂಗಿದರು. ನೀನು ನಕ್ಕೆ. ಎಷ್ಟು ದಿನವಾಗಿತ್ತು ಆ ನಗು ಕೇಳಿ.

ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಶಾಲೆಯ ಮಕ್ಕಳಿಗೆ ತಿದ್ದುವ ಹಾಗೆ ಕೆಂಪು ಶಾಯಿಯಲ್ಲಿ ತಿದ್ದು. ನಮ್ಮ ಗುರುಗ್ರಹದಂಥ ದೊಡ್ಡ ಗ್ರಹ, ಹುಟ್ಟಿದ್ದು ಬಹಳ ದೂರ, ಥಂಡಿಯಲ್ಲಿ. ಈಗ ಮೂರು ನಾಲ್ಕು ದಿನಕ್ಕೇ ಅದರ ಒಂದು ವರ್ಷ. ಇಂಥ ಕೆಲವು ಗ್ರಹಗಳು ಕೂಸಾಗಿದ್ದಾಗಲೇ ಸುತ್ತಲಿನ ಅನಿಲ, ಧೂಳಿನ ತಟ್ಟೆಯೊಳಗೆ ಮೆಲ್ಲಗೆ ಸರಿದು ಬಂದಿರಬಹುದು. ಇನ್ನು ಕೆಲವಕ್ಕೆ ಜೊತೆಯ ಗ್ರಹದಿಂದ ಧಕ್ಕೆ ಆಗುತ್ತದೆ. ಅದು ಸುತ್ತುವ ದಾರಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ದೂರ ಹೋಗುವುದು, ತೀರ ಹತ್ತಿರ ಬರುವುದು. ಹತ್ತಿರ ಬಂದಾಗೊಮ್ಮೆ ನಕ್ಷತ್ರ ಅದನ್ನು ಹಿಂಡುತ್ತದೆ, ಕಸುವು ಶಾಖವಾಗಿ ಸೋರಿಹೋಗುತ್ತದೆ, ಮುಂದಿನ ಸಲ ಅಷ್ಟು ದೂರ ಹೋಗಲಾರದು. ಹೀಗೇ ದಾರಿ ಗಿಡ್ಡಾಗಿ, ದುಂಡಗಾಗುತ್ತದೆ. ಯಾವುದಕ್ಕೆ ಯಾವ ದಾರಿ ಎಂದು ಖಚಿತವಾಗಿ ಗೊತ್ತಿಲ್ಲ ಎಂದೆಯಲ್ಲ, ಅದು ನನಗೆ ಬಹಳ ಸೇರಿತು.

ನಿಮ್ಮವ್ವ ಮಥುರಾ ತೀರಿಕೊಂಡ ಮೇಲೆ ಒಂದು ತಿಂಗಳು ನಿಮ್ಮಲ್ಲಿದ್ದೆ. ಊಟಕ್ಕೆ ಕೂತಾಗೆಲ್ಲ, "ನಿಮ್ಮವ್ವ ಹಿಂಗ ಮಾಡ್ತಿರಲಿಲ್ಲ" ಎಂದೆ. ಒಂದು ದಿನ ನೀನು ತಾಟು ಬಿಟ್ಟೆದ್ದು ಒಳಗೆ ಹೋದೆ. ಗ್ಯಾಸ್ ಸಿಲಿಂಡರ್ ಬರುವುದಿದೆ ಎಂದು ಸುಳ್ಳು ಹೇಳಿ ಮರುದಿನವೇ ನಮ್ಮೂರು ಬ್ಯಾಡಗಿಯ ಬಸ್ಸು ಹತ್ತಿದೆ. ಆಫೀಸಿನ ಕಾಗದದ ಹಾಗೆ ಹೇಳುವುದಾದರೆ, ಐ ಬೆಗ್ ಟು ಸ್ಟೇಟ್ ದಟ್... ಮುಂದಿನದು ಇಂಗ್ಲಿಷಿನಲ್ಲಿ ನೆನಪಾಗುತ್ತಿಲ್ಲ. ತಪ್ಪಾಯಿತು, ಮಗಳೇ.

ಆಮೇಲೆ ತಿಂಗಳಿಗೊಮ್ಮೆ ಬಂದೆ. ಆಮೇಲೆ ಪ್ರತಿ ರವಿವಾರ. ಇನ್ನೊಂದು ನಿನಗೆ ಗೊತ್ತಿಲ್ಲ: ಬುಧವಾರಗಳಲ್ಲೂ ಬರುತ್ತಿದ್ದೆ. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿದು, ನಿಮ್ಮ ಓಣಿಯ ತಿರುವಿನವರೆಗೆ ನಡೆದು ವಾಪಸು. ಒಂದು ಸಲ ನೀನು ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತಿದ್ದೆ. ಕೂಗದೆ, ಬಂದ ದಾರಿಯಲ್ಲೇ ಸ್ಟ್ಯಾಂಡಿಗೆ ತಿರುಗಿದೆ.

ಹಾಗಾಗಿ ನನ್ನ ಉತ್ತರ: ನಿಮ್ಮ ಮನೆಯೊಳಗೆ ಇರಲು ಬರುವುದಿಲ್ಲ. ತೀರ ಹತ್ತಿರ ಹೋದ ಕೆಲವು ಗ್ರಹಗಳು ನಕ್ಷತ್ರದೊಳಗೇ ಬಿದ್ದುಹೋಗುತ್ತವೆ ಎಂದು ನೀನೇ ಹೇಳಿದೆ. ಒಂದೇ ಅಡುಗೆಮನೆಯಲ್ಲಿ ನನ್ನ ನಾಲಿಗೆಯ ಮೇಲೆ ನನಗೇ ಭರವಸೆ ಇಲ್ಲ. ಸಿಟ್ಟು ಮಾಡಬೇಡ, ಪೂರ್ತಿ ಓದು. ಇನ್ನೂ ಹೇಳುವುದಿತ್ತು, ಆದರೆ ಕಿಟಕಿಯಲ್ಲಿ ಬೆಳಕು ಇಳಿಯಿತು. ಅಕ್ಷರಗಳು ಗೆರೆ ಬಿಟ್ಟು ನಡೆಯುತ್ತಿವೆ.

ನಿನ್ನ ಅಪ್ಪ,
ಚಂದ್ರಶೇಖರ

ತಾ.ಕ.: ಇದನ್ನು ತಂದುಕೊಟ್ಟವಳು ಯೂಸುಫಸಾಬರ ಮಗಳು ಮೆಹನಾಜ. ನಿಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ನಾನು ಬಾಡಿಗೆಗೆ ಹಿಡಿದು ಇವತ್ತಿಗೆ ಮೂರು ದಿನ. ನಿನ್ನ ಕುಕ್ಕರಿನ ಸೀಟಿ ಇಲ್ಲಿಗೆ ಕೇಳಿಸುತ್ತದೆ. ಹಿತ್ತಿಲ ಬಾಗಿಲ ಚಿಲಕ ತೆಗೆದಿಡು, ಊಟಕ್ಕೆ ಬರುತ್ತೇನೆ.