ಕಿಟಕಿಯ ಚೀಟಿ ಎಲ್ಲಿ ಹೋಯಿತು?

ರೋಂಡಾ ಕಣಿವೆ, ಮಾರ್ಚ್ ೧೯೦೨

ಕೇಳಿಸಿಕೋ ತಾಯೀ, ನಿನ್ನ ಹಿರಿಮಗ ಭೂಮಿಯ ಹೊಟ್ಟೆಯೊಳಗಿಂದ ಕೂಗುತ್ತಿದ್ದಾನೆ. ಇಲ್ಲಿ ಎಲ್ಲವೂ ತಲೆಕೆಳಗು. ನಮ್ಮೂರ ಗಣಿಯಲ್ಲಿ ನಾವು ಹಾಳೆ ಹಾಳೆಯಾಗಿ ಸೀಳುವಂಥ ಸ್ಲೇಟು ಕಲ್ಲನ್ನು ಇವರು ಕಸವೆಂದು ಎಸೆದು, ಕಲ್ಲಿದ್ದಲೆಂಬ ಉರಿಯುವ ಕಲ್ಲನ್ನು ಮುದ್ದಿಸುತ್ತಾರೆ. ನನ್ನ ಕೆಮ್ಮು ಪರವಾಗಿಲ್ಲ.

ಊರಿನ ಮುಷ್ಕರ ಮುಗಿಯದೆ, ನನ್ನ ಹಾಗೆಯೇ ನಮ್ಮ ನೆರೆಮನೆಯ ಇಡ್ವಲ್ ಕೂಡ ನಿನ್ನೆ ಕೆಲಸ ಹುಡುಕಿಕೊಂಡು ಇಲ್ಲಿಗೇ ಬಂದ. "ನಿಮ್ಮನೆ ಕಿಟಕೀಲಿ ‘ಈ ಮನೆಯಲ್ಲಿ ದ್ರೋಹಿಯಿಲ್ಲ’ ಅನ್ನೋ ಚೀಟಿ ಕಾಣ್ಲಿಲ್ಲ ಕಣಯ್ಯ," ಎಂದ.

"ಗಾಜು ಒರೆಸೋಕೆ ಅಮ್ಮ ತೆಗ್ದಿರ್ತಾಳೆ ಬಿಡೋ," ಎಂದೆ.

"ವಾರವೆಲ್ಲಾ ಒರೆಸ್ತಾಳಾ? ಎಂಥ ಗಾಜಯ್ಯ ಅದು, ಅರಮನೇದಾ?"

ಮುಷ್ಕರ ಬಿಡದವರ ಕಿಟಕಿಯಲ್ಲಷ್ಟೇ ಆ ಚೀಟಿ ಇರುವುದಲ್ಲವೇ? ಹಾಗಾದರೆ ತಮ್ಮ ಗ್ವಿಲಿಮ್ ಮುಷ್ಕರ ಮುರಿದು ಕಲ್ಲುಗಣಿಯ ಕೆಲಸಕ್ಕೆ ಹೋದನೇ? ಸಭೆ ಸಭೆಯಲ್ಲೂ ದ್ರೋಹಿಗಳ ಮೇಲೆ ಗುಡುಗಿದವನು ನಾನು. ಆಗಲೂ ಗುಡುಗಲೆಂದೇ ಎದ್ದು ನಿಂತೆ. ಬಾಯಿಂದ ಬಂದದ್ದು ಮಾತ್ರ, "ಅವನ ಮಗು ಈಗ ಹೊಟ್ಟೆತುಂಬ ಉಣ್ತಿದ್ಯಾ?" ಇಡ್ವಲ್ ತನ್ನ ಬ್ರೆಡ್ಡು ಎತ್ತಿಕೊಂಡು ದೂರ ಹೋಗಿ ಕುಳಿತ.

ನಾನು ಯಾರ ಕಡೆಯವನೋ ನನಗೇ ತಿಳಿಯುತ್ತಿಲ್ಲ ಅಮ್ಮ. ಪಾಳಿಯ ಸಿಳ್ಳೆ ಕೂಗುತ್ತಿದೆ. ಮೊದಲು ಮಗುವಿನ ಸುದ್ದಿ ಬರೆ, ಆಮೇಲೆ ಚೀಟಿಯದು.

ಎಮ್ರಿಸ್