ಚಿಗವ್ವ ಮತ್ತು ನಾನು ಬೇರೆ ಬೇರೆ ಕೊಂಬೆಗಳಲ್ಲಿ

ಅವ್ವಾ,

ನೀನು ತೀರಿಹೋದ ಮೇಲೆ ಬಂದ ನಿನ್ನ ಅಳಿಯ ಎಷ್ಟು ಜಾಣ ಗೊತ್ತಾ! ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎಯನ್ನು ಕಂಪ್ಯೂಟರ್‌ಗೆ ಕೊಟ್ಟು, ಸಾವಿರಾರು ವರ್ಷಗಳ ಅಜ್ಜಿಯರ ವಂಶವೃಕ್ಷ ಬಿಡಿಸುತ್ತಾರೆ. ಹೊಸ ಮದುವೆಯ ಹುರುಪಿಗೆ ನನ್ನದನ್ನೂ ಇಟ್ಟಿಗಿ ಊರಿನ ಚಿಗವ್ವನದನ್ನೂ ಕೊಟ್ಟಿದ್ದೆ. ಅವಳು ನಿನ್ನ ಒಡಹುಟ್ಟಿದ ತಂಗಿ, ನಾನು ನಿನ್ನ ಮಗಳು. ಒಂದೇ ಕೊಂಬೆಯಲ್ಲಿ ಇರಬೇಕು. ಇವತ್ತು ನೋಡಿದರೆ ಮರದ ಎರಡು ತುದಿಯಲ್ಲಿದ್ದೇವೆ.

"ಸ್ಯಾಂಪಲ್ ಅದ್ಲುಬದ್ಲಾಗಿರಬೇಕು, ಇನ್ನೊಮ್ಮೆ ತಗಳಾಣ" ಎಂದರು ಇವರು. ನಾನೂ ನಗುತ್ತಲೇ ಚಿಗವ್ವನಿಗೆ ಫೋನ್ ಮಾಡಿದೆ. ಅವಳು ನಗಲಿಲ್ಲ.

"ಮತ್ತ ಬ್ಯಾಡವ್ವ. ಅಕ್ಕಗ ಮಾತು ಕೊಟ್ಟೀನಿ."

ಯಾವ ಮಾತು, ಅವ್ವಾ? ಕೇಳುವಷ್ಟರಲ್ಲಿ ಫೋನ್ ಇಟ್ಟಳು.

ಕೆನ್ನೆಯ ಒಳಗೆ ಸವರಲು ಹೊಸ ಹತ್ತಿಕಡ್ಡಿ ಹಿಡಿದು ಇವರು ಕರೆಯುತ್ತಿದ್ದಾರೆ. ನನಗೆ ಬಾಯಿ ತೆರೆಯಲು ಭಯವಾಗುತ್ತಿದೆ.