ಮೂವತ್ತಾರಲ್ಲ, ನಲವತ್ತು

ಕಬ್ಬೂರ, ತಾ. ಚಿಕ್ಕೋಡಿ
೧೨ ಫೆಬ್ರುವರಿ ೨೦೨೫, ಬುಧವಾರ

ಸೀಮಾಳ ಅಪ್ಪನವರಿಗೆ ಮನೀಷಾಳ ನಮಸ್ಕಾರ.

ಗಂಟಲು ನೋವು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀರೋ, ಇಲ್ಲಾ ಚೆನ್ನೈಯ ಆ ಹಾಸ್ಟೆಲಿನಲ್ಲಿ ದಿನಕ್ಕೆ ಆರು ಸಲ ಕಾಫಿ ಕುಡಿದೇ ಕಾಲ ಹಾಕುತ್ತಿದ್ದೀರೋ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ, ಆಮ್ಯಾಲೆ ಹಚ್ಚತೀನಿ" ಎಂದು ಇಟ್ಟುಬಿಡುತ್ತೀರಿ. ಆ 'ಆಮ್ಯಾಲೆ' ಸಂಕ್ರಾಂತಿಯಿಂದ ಬಂದಿಲ್ಲ. ವಾಟ್ಸ್ಯಾಪಿನಲ್ಲಿ ಹನ್ನೊಂದು ಪುಟಗಳ ಫೋಟೋ ಕಳಿಸಿದೆ. ಒಂದನ್ನೂ ತೆರೆಯದೆ ಹೆಬ್ಬೆರಳು ಎತ್ತಿ ತೋರಿಸಿದಿರಿ. ಅದಕ್ಕೇ ಈ ಕಾಗದ, ಅದೂ ಕೊರಿಯರಿನಲ್ಲಿ. ಸಹಿ ಮಾಡಿ ಇಸಗೊಂಡದ್ದನ್ನಾದರೂ ಒಡೆದು ಓದುತ್ತೀರಿ ಎಂಬ ನಂಬಿಕೆ.

ಮನೆಯಲ್ಲಿ ಎಲ್ಲರೂ ಸೌಖ್ಯ. ನಿಪ್ಪಾಣಿಯಲ್ಲಿ ಪೊರೆ ತೆಗೆಸಿದ ಮೇಲೆ ಅತ್ತೆಯವರ ಕಣ್ಣು ಎಷ್ಟು ಚುರುಕಾಗಿದೆಯೆಂದರೆ, ನನ್ನ ರೊಟ್ಟಿಯ ಮೇಲಿನ ಒಂದೊಂದು ಸುಟ್ಟ ಕಲೆಯೂ ಅವರಿಗೆ ಕಾಣತೊಡಗಿದೆ. ಬಾವಿ ಕಡೆಯ ಹೊಲದ ಕಬ್ಬು ಸೋಮವಾರ ಕಾರ್ಖಾನೆಗೆ ಹೋಯಿತು. ಸೀಮಾ ಭಾಗಾಕಾರದಲ್ಲಿ ಶೇಷ ಉಳಿದರೆ ಈಗಲೂ ಅಳುತ್ತಾಳೆ, ಅದು ಅವಳದೇ ತಪ್ಪು ಎಂಬಂತೆ. ನಿಮ್ಮ ಸ್ವಭಾವ ಅವಳಿಗೆ ಬಂದಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಿಎಚ್‌ಡಿ ಪ್ರಬಂಧದ ಮೊದಲ ಪುಟವನ್ನೂ ನಾಲ್ಕನೆಯ ಅಧ್ಯಾಯವನ್ನೂ ಕಳಿಸಿ "ಬರೇ ಸ್ಪೆಲ್ಲಿಂಗ್ ನೋಡು" ಎಂದಿರಿ. ನೋಡಿದೆ. ಸಿಂಪ್ಲೆಕ್ಟಿಕ್ ಎಂಬ ಒಂದೇ ಶಬ್ದವನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ, ತಿದ್ದಿದೆ. ಆದರೆ ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಲೀ ಬೀಜಗಣಿತದ ನೋಟ್ಸನ್ನು ನಿಮಗೆ ಕೊಟ್ಟವಳು ನಾನು. ಹನ್ನೆರಡು ವರ್ಷ ಪಿಯು ಕಾಲೇಜಿನಲ್ಲಿ ಅದೇ ಅದೇ ಗಣಿತ ಕಲಿಸಿದ ಮಾತ್ರಕ್ಕೆ ಎಲ್ಲ ಮರೆತುಹೋಗುವುದಿಲ್ಲ. ಐವತ್ತೆರಡನೆಯ ಪುಟದ ಕೋಷ್ಟಕಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ನಾಲ್ಕು ಆಯಾಮದ ಒಂದು ರೆಪ್ರೆಸೆಂಟೇಶನ್, ಹತ್ತು ಆಯಾಮದ ಇನ್ನೊಂದು. ಎರಡನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಒಡೆಯಲಾಗದ ತುಂಡುಗಳನ್ನಾಗಿ ಬಿಡಿಸಿದ್ದೀರಿ. ಆ ತುಂಡುಗಳ ಆಯಾಮ ಕೂಡಿಸಿದರೆ ನಲವತ್ತು ಬರಲೇಬೇಕು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿ ಬಂದಿದೆಯಲ್ಲ, ಅದೇ ನನ್ನ ಸಂಕಟ. ನಿಮ್ಮ ತುಂಡುಗಳು ಎರಡು: ಇಪ್ಪತ್ತು ಮತ್ತು ಹದಿನಾರು. ಸೀಮಾಳೂ ಕೂಡಿಸಿ ಹೇಳಿದಳು, ಮೂವತ್ತಾರು ಎಂದು.

ಫೋನು ಮಾಡಿದೆ. "ಮನೀಷಾ, ಅದು ಪಿಯುಸಿ ಲೆಕ್ಕ ಅಲ್ಲ. ಗೈಡ್ ಸರ್ ನೋಡ್ಯಾರ. ನೀ ಸ್ಪೆಲ್ಲಿಂಗ್ ಅಷ್ಟ ನೋಡು" ಎಂದಿರಿ. ನೆನಪಿದೆಯೇ? ನನಗಂತೂ ಚೆನ್ನಾಗಿ ನೆನಪಿದೆ, ಆಗ ನನ್ನ ಕೈಯಲ್ಲಿ ಹಿಟ್ಟಿತ್ತು.

ಕಾಗದ ಹರಡಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ಅತ್ತೆ ಬಂದು ಎದುರಿಗೇ ಕುಳಿತರು. "ಏನದು, ಮೂರ ದಿನಾ ಆತು, ಮಾರಿ ಗಂಟ ಹಾಕ್ಕೊಂಡ ಕುಂತೀಯಲ್ಲ?" ಅವರಿಗೆ ತಿಳಿಯುವಂತೆ ಹೇಳಿದೆ, ನಿಮ್ಮ ಮಗ ನಲವತ್ತು ಹೊರೆ ಕಬ್ಬು ಕಟ್ಟಿದ್ದಾರೆ, ಟ್ರೇಲರಿಗೆ ಏರಿಸಿದ್ದು ಮೂವತ್ತಾರು ಎಂದು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹಂಗಾದ್ರ ಉಳಿದ ನಾಕ ಎಲ್ಲಿ ಹೋದೂ? ಅವಗ ಯಾರೂ ಕೇಳಿಲ್ಲೇನ?" ನಾನು ಕೇಳಿದೆ, ನಿಮ್ಮ ಮಗ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೆ. "ನಮ್ಮ ಮಲ್ಲೇಶ ಸಣ್ಣಾಂವ ಇದ್ದಾಗಿಂದ ಹಂಗ. ಎಣಸ್ತಿರಲಿಲ್ಲ, ಸುಮ್ಮ ಹೇಳ್ತಿದ್ದ" ಎಂದವರೇ ಎದ್ದು ಸೆರಗು ಕಟ್ಟಿಕೊಂಡರು. "ನೀ ಬರಿ. ರೊಟ್ಟಿ ನಾ ಬಡೀತೀನಿ." ನಾಲ್ಕು ದಿನ ಅವರೇ ಬಡಿದರು. ಅವರ ರೊಟ್ಟಿಯೂ ಸುಡುತ್ತದೆ, ಆದರೆ ನಾನು ಹೇಳಲಿಲ್ಲ.

ಕೊನೆಗೆ ರವಿವಾರ ಮಧ್ಯಾಹ್ನ ಸಿಕ್ಕಿತು. ಮುಖ್ಯ ಪ್ರಮೇಯಕ್ಕೆ ಮೆಟ್ಟಿಲಾದ ಮೂರನೆಯ ಲೆಮ್ಮಾದಲ್ಲಿ ಋಣ ಚಿಹ್ನೆಯ ಎರಡೂ ತೂಕಗಳನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದ್ದೀರಿ. ಒಂದು ನಿಜವಾಗಿಯೂ ಸೊನ್ನೆಯಾಗುತ್ತದೆ. ಇನ್ನೊಂದು ಆಗುವುದಿಲ್ಲ. ಅಲ್ಲೇ ಇತ್ತು ನಾಲ್ಕು ಆಯಾಮದ ಮೂರನೆಯ ತುಂಡು. ಇಪ್ಪತ್ತು, ಹದಿನಾರು, ನಾಲ್ಕು. ನಾನು ಎದ್ದು ಅಂಗಳಕ್ಕೆ ಹೋಗಿ, ಏನು ಮಾಡುವುದೆಂದು ತಿಳಿಯದೆ ಎಮ್ಮೆಗೆ ನೀರು ಕುಡಿಸಿ ಬಂದೆ. ನಿಮ್ಮ ತಪ್ಪಿಗೆ ಹಿಗ್ಗಿದಳು ಎಂದು ಸಿಟ್ಟಾಗಬೇಡಿ. ಹನ್ನೆರಡು ವರ್ಷಗಳಲ್ಲಿ, ಪುಸ್ತಕದ ಹಿಂದೆ ಉತ್ತರ ಇಲ್ಲದ ಲೆಕ್ಕವೊಂದನ್ನು ನಾನು ಬಿಡಿಸಿದ್ದು ಇದೇ ಮೊದಲು.

ನಿಮ್ಮ ಮುಖ್ಯ ಪ್ರಮೇಯ ಪೂರ್ತಿ ಸಾಯುವುದಿಲ್ಲ. ಒಂದು ಪದ ಹೆಚ್ಚಾಗುತ್ತದೆ, ಅದನ್ನು ಸಾಧಿಸಿ ತೋರಿಸುವ ದಾರಿ ಬದಲಾಗುತ್ತದೆ. ಬದಲಾದದ್ದನ್ನು ಹನ್ನೊಂದು ಪುಟಗಳಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಬರುವ ಸೋಮವಾರ ಪ್ರಬಂಧ ಸಲ್ಲಿಸಬೇಡಿ. ಒಂದು ತಿಂಗಳು ತಡವಾದರೆ ಯಾರೂ ಸಾಯುವುದಿಲ್ಲ. ವೈವಾದಲ್ಲಿ ಪರೀಕ್ಷಕರು ಕೂಡಿಸಿ ತೋರಿಸಿದರೆ ನೀವು ಅಲ್ಲೇ ಸಾಯುತ್ತೀರಿ. ಗೈಡ್ ಸರ್ ಅವರಿಗೆ ನಾನು ಏನೂ ತಿಳಿಸಿಲ್ಲ. ತಪ್ಪು ನಿಮ್ಮದು, ಹೇಳಬೇಕಾದವರೂ ನೀವು. ಈ ಪುಟಗಳನ್ನು ಬಳಸಿಕೊಳ್ಳಿ, ಆದರೆ ಅಲ್ಲಿ ನನ್ನ ಹೆಸರು ಬರೆಯಿರಿ. ಮೊದಲ ಪುಟದಲ್ಲಿ "ಹೆಂಡತಿಯ ತಾಳ್ಮೆಗೆ ಕೃತಜ್ಞತೆಗಳು" ಎಂದು ಬರೆದಿದ್ದೀರಲ್ಲ, ಅದನ್ನು ತೆಗೆದುಬಿಡಿ. ಅಂಥದ್ದು ನನ್ನಲ್ಲಿ ಉಳಿದಿಲ್ಲ.

ಸ್ವೆಟರ್ ಬೇಡವೆಂದು ಬಿಟ್ಟುಹೋದದ್ದು ಸರಿಯೇ ಆಯಿತು, ಅಲ್ಲಿ ಸೆಖೆಯಂತೆ. ಊಟ ತಪ್ಪಿಸಬೇಡಿ. ಅತ್ತೆಯವರ ಆಶೀರ್ವಾದ, ಸೀಮಾಳ ಮುದ್ದು.

ನಿಮ್ಮ
ಮನೀಷಾ

ತಾ.ಕ.: ಕೊರಿಯರಿನವನು ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾನೂ ಧಾರವಾಡಕ್ಕೆ ಪಿಎಚ್‌ಡಿ ಅರ್ಜಿ ಹಾಕಿದ್ದೇನೆ. ಇದೇ ೨೪ಕ್ಕೆ ಸಂದರ್ಶನ. ಆರ್ಥೊಗೊನಲ್ ಗುಂಪಿನಲ್ಲಿ ಇದೇ ಲೆಕ್ಕ ಹೇಗಾಗುತ್ತದೆ ಎಂಬುದು ನನ್ನ ವಿಷಯ. ಅದರ ಮೇಲೆ ನೀವು ಕೈಯಿಡಬೇಡಿ. ಅತ್ತೆಗೆ ಹೆದರುತ್ತಲೇ ಹೇಳಿದೆ. "ಹೋಗಿ ಬಾ. ಅವ ಬಂದ ಮನಿ ನೋಡ್ತಾನ" ಎಂದರು. ೨೧ರ ರಾತ್ರಿಯ ಬಸ್ಸಿಗೆ ಚೆನ್ನೈಯಿಂದ ಬೆಳಗಾವಿಗೆ ನಿಮ್ಮ ಟಿಕೇಟು ತೆಗೆಸಿದ್ದೇನೆ. ಕಿಟಕಿಯ ಸೀಟು.